ಎಲ್ಲರೂ ಕೂಡಿ ಒಂದು ಲೋಕ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಕೆಲವು ಗೆಳೆಯರು ಕೂಡಿ ಒಂದು ಕಲ್ಪನೆಯ ಲೋಕ ಕಟ್ಟುತ್ತಿದ್ದೇವೆ. ಅದಕ್ಕೆ ಅದರದೇ ಆಕಾಶ, ಅದರದೇ ಮಳೆ, ಜಾತ್ರೆ, ಜಗಳ, ಊಟ ಎಲ್ಲ ಇದೆ. ಹೊಸದಾಗಿ ಸೇರುವವರೂ, ತಮ್ಮ ಊರಲ್ಲಿ ಇಂಥದ್ದೇ ಗುಂಪು ಕಟ್ಟಬೇಕು ಎನ್ನುವವರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಲೋಕ ಕಟ್ಟುವುದು ಎಂದರೆ ಕಥೆ ಬರೆಯುವುದೇ?

ಕಥೆ ಆಮೇಲೆ ಬರುತ್ತದೆ. ಮೊದಲು ಆ ಕಥೆ ನಡೆಯುವ ನೆಲ ಬೇಕು. ಅಲ್ಲಿ ಸೂರ್ಯ ಯಾಕೆ ಹುಟ್ಟುತ್ತಾನೆ, ಸತ್ತವರು ಎಲ್ಲಿಗೆ ಹೋಗುತ್ತಾರೆ, ಮದುವೆಯಲ್ಲಿ ಮೊದಲ ತುತ್ತು ಯಾರಿಗೆ, ಇಂಥದ್ದನ್ನೆಲ್ಲ ಎಲ್ಲರೂ ಸೇರಿ ತೀರ್ಮಾನಿಸುತ್ತೇವೆ. ನಮ್ಮಲ್ಲಿ ಕೆಲವರು ಅದರೊಳಗೆ ಕಥೆ ಬರೆಯುತ್ತಾರೆ, ಕೆಲವರು ಚಿತ್ರ ಬಿಡಿಸುತ್ತಾರೆ. ಇನ್ನು ಕೆಲವರು ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಆಡುತ್ತಾರೆ. ಲೋಕ ಮಾತ್ರ ಎಲ್ಲರದೂ.

ಮೊದಲು ದೇವರುಗಳ ಪಟ್ಟಿ ಮಾಡಬೇಕಾ?

ಬೇಡ. ಹೊಸ ಗುಂಪುಗಳು ಹೆಚ್ಚಾಗಿ ಮಾಡುವುದು ಅದನ್ನೇ. ಬೆಂಕಿಗೆ ಒಬ್ಬ, ನೀರಿಗೆ ಒಬ್ಬಳು, ಸಾವಿಗೆ ಒಬ್ಬ. ಪಟ್ಟಿ ಮುಗಿಯುತ್ತದೆ. ಆದರೆ ಆ ದೇವರಿಂದಾಗಿ ಒಂದು ಮನೆಯಲ್ಲಿ ಬೆಳಗ್ಗೆ ಏನು ನಡೆಯುತ್ತದೆ ಎಂದು ಕೇಳಿ ನೋಡಿ, ಯಾರ ಹತ್ತಿರವೂ ಉತ್ತರ ಇರುವುದಿಲ್ಲ.

ನಾವು ಒಂದೇ ಪ್ರಶ್ನೆಯಿಂದ ಶುರು ಮಾಡಿದೆವು: ಈ ಲೋಕದಲ್ಲಿ ಮಳೆ ಎಲ್ಲಿಂದ ಬರುತ್ತದೆ, ಬಾರದಿದ್ದರೆ ಜನ ಯಾರನ್ನು ಕೇಳುತ್ತಾರೆ? ನಮ್ಮ ಕಡೆಯವರಿಗೆ ಇದು ತಾನಾಗಿ ಬಂದ ಪ್ರಶ್ನೆ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ಘಟ್ಟ ಹತ್ತುವಾಗಲೇ ಬಹಳಷ್ಟು ಮಳೆ ಸುರಿಸಿಬಿಡುತ್ತದೆ. ಕಲಘಟಗಿ ದಾಟಿ ಹುಬ್ಬಳ್ಳಿ, ಅಲ್ಲಿಂದ ಗದಗ ಎಂದು ಪೂರ್ವಕ್ಕೆ ಹೋದ ಹಾಗೆ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಮೋಡ ಕಪ್ಪಾಗಿ ಕಟ್ಟಿ, ಒಂದು ಹನಿಯೂ ಬೀಳದೆ ಮುಂದೆ ಹೋಗುವುದನ್ನು ಇಲ್ಲಿಯ ರೈತರು ವರ್ಷ ವರ್ಷ ನೋಡುತ್ತಾರೆ.

ಅದಕ್ಕೇ ಇಲ್ಲಿಯ ಜನ ಮಳೆಯ ಬಗ್ಗೆ ಇಷ್ಟೊಂದು ಕಥೆ ಕಟ್ಟಿದ್ದಾರೆ. ಭಾದ್ರಪದದಲ್ಲಿ ಮೊದಲು ಗಣಪತಿ ಬರುತ್ತಾನೆ. ಕಡುಬು ಉಂಡು ಹೋಗಿ, ಭೂಮಿಯಲ್ಲಿ ಎಲ್ಲ ಚೆನ್ನಾಗಿದೆ ಎಂದು ಶಿವನಿಗೆ ಹೇಳುತ್ತಾನಂತೆ. ಆಮೇಲೆ ಜೋಕುಮಾರ ಬರುತ್ತಾನೆ. ಹೆಣ್ಣುಮಕ್ಕಳು ಅವನನ್ನು ಬುಟ್ಟಿಯಲ್ಲಿ ಕೂರಿಸಿ, ಬೇವಿನ ಸೊಪ್ಪು ಇಟ್ಟು, ಹಾಡು ಹೇಳುತ್ತ ಮನೆ ಮನೆಗೆ ತರುತ್ತಾರೆ. ಏಳು ದಿನ ಬದುಕಿ ಅವನು ಸಾಯುತ್ತಾನೆ. ಹೋಗಿ ಇಲ್ಲಿಯ ಕಷ್ಟ ಇದ್ದಂತೆ ಹೇಳಿ ಮಳೆ ತರಿಸುತ್ತಾನೆ. ಒಬ್ಬನದು ಸುಖದ ವರದಿ, ಇನ್ನೊಬ್ಬನದು ಕಷ್ಟದ ವರದಿ. ಮೇಲೆ ಕೂತವನಿಗೆ ಕೆಳಗಿನದು ಕಾಣುವುದಿಲ್ಲ, ಯಾರಾದರೂ ಹೋಗಿ ಹೇಳಬೇಕು ಎಂಬ ಒಂದು ಇಡೀ ವಿಶ್ವದ ಕಲ್ಪನೆ ಆ ಬುಟ್ಟಿಯಲ್ಲಿದೆ. ನಾನು ಇಷ್ಟು ಚೆನ್ನಾಗಿ ಕಟ್ಟಿದ ಲೋಕವನ್ನು ಬೇರೆಲ್ಲೂ ನೋಡಿಲ್ಲ.

ನಿಮ್ಮದು ಕಡಲ ಕಡೆಯ ಗುಂಪಾದರೆ ಮೀನಿನಿಂದ ಶುರು ಮಾಡಿ, ಮಲೆನಾಡಿನವರಾದರೆ ಕಾಡಿನಿಂದ. ನಿಮ್ಮ ಜನ ಯಾವುದನ್ನು ಕಳೆದುಕೊಳ್ಳಲು ಹೆದರುತ್ತಾರೋ ಅದನ್ನೇ ಹಿಡಿಯಿರಿ.

ಹಾಗಾದರೆ ನಿಮ್ಮ ಲೋಕದ ಆಕಾಶ ಹೇಗಿದೆ?

ಅದು ಯಾರನ್ನು ಕೇಳುತ್ತೀರಿ ಎನ್ನುವುದರ ಮೇಲಿದೆ. ಅಲ್ಲಿ ಸದ್ಯ ಮೂರು ಪಂಗಡದ ಜನ ಇದ್ದಾರೆ: ಎರಿಯವರು, ಮಸಾರಿಯವರು, ದಿನ್ನೆಯವರು. ಕಪ್ಪು ಮಣ್ಣು, ಕೆಂಪು ಮಣ್ಣು, ನಡುವಿನ ಎತ್ತರದ ನೆಲ. ಮೂವರಿಗೂ ಆಕಾಶ ಬೇರೆ ಬೇರೆ.

ಎರಿಯವರ ಪ್ರಕಾರ ನಮ್ಮ ತಲೆಯ ಮೇಲಿರುವುದು ಒಂದು ದೊಡ್ಡ ಎರಿ ಹೊಲ. ನಾವು ಅದರ ಕೆಳಗಿನ ಹಗೇವಿನಲ್ಲಿದ್ದೇವೆ. ಹಗೇವು ಗೊತ್ತಲ್ಲ? ನಮ್ಮ ಹಳ್ಳಿಗಳಲ್ಲಿ ಜೋಳ ಇಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಸುತ್ತ ಹುಲ್ಲು ಕಟ್ಟಿ, ಕಾಳು ತುಂಬಿ, ಬಾಯಿಗೆ ಮಣ್ಣು ಮುಚ್ಚಿಬಿಡುತ್ತಿದ್ದರು. ತೆರೆದ ಕೂಡಲೇ ಒಳಗೆ ಇಳಿಯುವಂತಿಲ್ಲ. ಮುಚ್ಚಿದ ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತೀರಿರುತ್ತದೆ, ಇಳಿದವರು ಅಲ್ಲೇ ಉಸಿರುಗಟ್ಟಿ ಸಾಯಬಹುದು. ಅದಕ್ಕೆ ಮೊದಲು ಬಾಯಿ ತೆರೆದು ಬಿಡುವುದು, ಒಂದು ದೀಪ ಇಳಿಬಿಟ್ಟು ನೋಡುವುದು. ದೀಪ ಆರದಿದ್ದರೆ ಮನುಷ್ಯ ಇಳಿಯಬಹುದು ಎನ್ನುವುದು ಹಳೆಯವರ ಲೆಕ್ಕ.

ಎರಿಯವರಿಗೆ ಸೂರ್ಯ ಅಂದರೆ ಆ ದೀಪ. ಮೇಲಿನ ರೈತ ದಿನಾ ಬೆಳಗ್ಗೆ ಅದನ್ನು ಇಳಿಬಿಡುತ್ತಾನೆ, ಒಳಗಿನ ಗಾಳಿ ಸರಿ ಇದೆಯೋ ಇಲ್ಲವೋ ನೋಡುತ್ತಾನೆ, ಸಂಜೆ ಎಳೆದುಕೊಳ್ಳುತ್ತಾನೆ. ನಾವು ಅವನ ಕಾಳು. ಬೇಸಿಗೆಯಲ್ಲಿ ಎರಿ ಹೊಲ ಬಿರಿಯುತ್ತದಲ್ಲ, ಹಾಗೆ ಮೇಲಿನ ಹೊಲವೂ ಬಿರಿಯುತ್ತದೆ. ಆ ಬಿರುಕುಗಳೇ ನಕ್ಷತ್ರ. ಮಳೆಗಾಲದಲ್ಲಿ ಎರಿ ಮಣ್ಣು ನೀರು ಕುಡಿದು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಗ ನಕ್ಷತ್ರ ಕಾಣುವುದಿಲ್ಲ.

ಇಲ್ಲಿಯವರೆಗೆ ಚಂದ ಇದೆ, ಅಷ್ಟೇ. ಲೋಕಕ್ಕೆ ಜೀವ ಬಂದದ್ದು ನಮ್ಮಲ್ಲೊಬ್ಬರು ಈ ಪ್ರಶ್ನೆ ಕೇಳಿದಾಗ: "ಹಗೇವಿನೊಳಗೆ ನೀರು ಇಳಿದರೆ ಕಾಳು ಕೆಡುತ್ತದಲ್ವಾ?" ಹೌದು, ಕೆಡುತ್ತದೆ. ಅಂದರೆ ನಮಗೆ ಬದುಕು ಕೊಡುವ ಮಳೆ ಮೇಲಿನ ರೈತನಿಗೆ ನಷ್ಟ. ಅವನ ಹೊಲದ ನೀರು ಸೋರಿ ಅವನ ಕಣಜ ಕೆಡಿಸುತ್ತಿದೆ. ಎರಿಯವರ ಬದುಕೆಲ್ಲ ಈ ಒಂದು ಮಾತಿನಿಂದ ಹುಟ್ಟಿತು. ಮೊದಲ ಮಳೆ ಬಿದ್ದಾಗ ಅವರು ಹಬ್ಬ ಮಾಡುವುದಿಲ್ಲ. ಮನೆಯ ಹಿರಿಯರು ಅಂಗಳಕ್ಕೆ ಬಂದು, ತಲೆಯ ಮೇಲೆ ಒಂದು ಹಿಡಿ ಜೋಳ ಇಟ್ಟುಕೊಂಡು, ಮೇಲಿನವನ ಕ್ಷಮೆ ಕೇಳುತ್ತಾರೆ. ಸುಗ್ಗಿಯಲ್ಲಿ ಒಂದು ಪಾಲನ್ನು ಬಿಸಿಲಿಗೆ ಒಣಗಿಸಿ ಯಾರೂ ಉಣ್ಣದ ಹಾಗೆ ಇಡುತ್ತಾರೆ. ಅದು ಅವನಿಗೆ ಸಲ್ಲಬೇಕಾದ ಸಾಲ. ಸಾಲ ಎಂಬುದು ಅವರ ನ್ಯಾಯಕ್ಕೆ, ಮದುವೆ ಮಾತುಕತೆಗೆ, ಬೈಗುಳಕ್ಕೆ ಎಲ್ಲಕ್ಕೂ ಹಬ್ಬಿತು. ಗ್ರಹಣದಲ್ಲಿ ದೀಪ ಆರಿದ ಹಾಗೆ ಕಂಡರೆ ಅವರು ಉಸಿರು ಹಿಡಿದು ಕೂರುತ್ತಾರೆ.

ಮಸಾರಿಯವರಿಗೆ ಆಕಾಶ ಒಂದು ಕೌದಿ. ಒಬ್ಬ ಮುದುಕಿ ಸತ್ತವರ ಹಳೆ ಸೀರೆ ಧೋತರ ಎಲ್ಲ ಕೂಡಿಸಿ ಹೊಲಿಯುತ್ತಿದ್ದಾಳೆ. ನಕ್ಷತ್ರ ಅವಳ ಹೊಲಿಗೆ. ಒಗೆದು ಹಿಂಡಿದರೆ ಮಳೆ. ಅವಳ ಹತ್ತಿರ ಅರಿವೆ ತೀರಿದರೆ ಕೌದಿ ಸಾಲದೆ ಆಕಾಶದಲ್ಲಿ ತೂತು ಬೀಳುತ್ತದೆ, ಅಲ್ಲಿಂದ ಬರಗಾಲ ಇಳಿಯುತ್ತದೆ. ಹಾಗಾಗಿ ಸತ್ತವರ ಬಟ್ಟೆಯನ್ನು ಅವರು ಗುಡ್ಡದ ಮೇಲೆ ಒಯ್ದು ಗಾಳಿಗೆ ಬಿಡುತ್ತಾರೆ. ಅವರಿಗೆ ಮೊದಲ ಮಳೆ ಅಂದರೆ ಸಂಭ್ರಮ, ಮನೆಯ ಅರಿವೆಯೆಲ್ಲ ಹೊರಗೆ ತಂದು ತೋಯಿಸುತ್ತಾರೆ.

ಈಗ ಒಬ್ಬ ಎರಿಯ ಹುಡುಗನಿಗೂ ಮಸಾರಿಯ ಹುಡುಗಿಗೂ ಮದುವೆ ಮಾಡಿ, ಮರುವಾರ ಮೊದಲ ಮಳೆ ಬರಿಸಿ ನೋಡಿ. ಅತ್ತೆ ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದಾಳೆ, ಸೊಸೆ ಸೀರೆ ಹಿಡಿದು ನಗುತ್ತ ಹೊರಗೆ ಓಡುತ್ತಾಳೆ. ಕಥೆಗೆ ಬೇರೆ ಖಳನಾಯಕ ಬೇಕಾಗಿಲ್ಲ.

ದಿನ್ನೆಯವರು ಆಕಾಶದ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅವರಿಗೆ ನೀರು ಬರುವುದು ಕಲ್ಲಿನಿಂದ. ಅವರ ವಿಷಯ ಮುಂದೆ ನಕಾಶೆಯ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿದೆ.

ಇದರಲ್ಲಿ ನಿಜ ಯಾವುದು? ಹಗೇವಾ, ಕೌದಿಯಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಅತಿ ಹೆಚ್ಚು ಗುಂಪುಗಳು ಒಡೆಯುವುದೂ ಇದರಿಂದಲೇ. ಲೋಕದ ಸಂಗತಿಗಳನ್ನೆಲ್ಲ ಬರೆದಿಡುವ ನಮ್ಮ ದಫ್ತರದಲ್ಲಿ ಮೂರು ಭಾಗ ಇವೆ: ನಿಕ್ಕಿ, ಸುದ್ದಿ, ಖಾಲಿ.

ಆ ಲೋಕದ ಒಬ್ಬ ಮನುಷ್ಯ ಮುಟ್ಟಿ, ಅಳೆದು, ಎಣಿಸಿ ನೋಡಬಹುದಾದದ್ದು ಮಾತ್ರ ನಿಕ್ಕಿಗೆ ಹೋಗುತ್ತದೆ. ಯಾವ ಹೊಳೆ ಎಲ್ಲಿ ಕೂಡುತ್ತದೆ, ವರ್ಷಕ್ಕೆ ಎಷ್ಟು ದಿನ, ಯಾವ ಊರಲ್ಲಿ ಏನು ಬೆಳೆಯುತ್ತದೆ. ಇದನ್ನು ಬದಲಿಸಬೇಕಾದರೆ ಎಲ್ಲರೂ ಒಪ್ಪಬೇಕು. ಜನ ಹೇಳುವುದೆಲ್ಲ ಸುದ್ದಿ. ಆಕಾಶ ಯಾರು ಮಾಡಿದರು, ಸತ್ತವರು ಎಲ್ಲಿ, ಮೊದಲ ರಾಜ ಎಲ್ಲಿಂದ ಬಂದ. ಪ್ರತಿ ಸುದ್ದಿಯ ಮುಂದೆ ಅದನ್ನು ಹೇಳುವವರು ಯಾರು ಎಂದು ಬರೆಯಲೇಬೇಕು. ಹೇಳುವವರಿಲ್ಲದ ಸುದ್ದಿಯನ್ನು ನಾವು ಸೇರಿಸಿಕೊಳ್ಳುವುದಿಲ್ಲ. ಖಾಲಿಯಲ್ಲಿ ಬೇಕೆಂದೇ ಯಾರೂ ಉತ್ತರಿಸದ ಪ್ರಶ್ನೆಗಳಿರುತ್ತವೆ.

ಉದಾಹರಣೆಗೆ ಚಂದ್ರ. ಎರಿಯವರಲ್ಲಿ ಕೆಲವರು ಚಂದ್ರನೇ ಹಗೇವಿನ ಬಾಯಿ, ಮುಚ್ಚಳ ಸರಿದಂತೆ ಹುಣ್ಣಿಮೆ ಅಮಾವಾಸ್ಯೆ ಆಗುತ್ತದೆ ಎನ್ನುತ್ತಾರೆ. ಹಾಗಾದರೆ ಬಾಯಿ ಯಾಕೆ ತಿರುಗುತ್ತದೆ? ದೀಪ ಆ ಬಾಯಿಯಿಂದಲೇ ಇಳಿಯಬೇಕಲ್ಲ? ಇದಕ್ಕೆ ಉತ್ತರ ಕೊಡಲು ನಮ್ಮಲ್ಲಿ ಕೆಲವರು ಬಹಳ ಒದ್ದಾಡಿದರು. ಕೊನೆಗೆ ಖಾಲಿ ಬಿಟ್ಟೆವು. ಆ ಲೋಕದ ಮಕ್ಕಳೂ ಇದೇ ಪ್ರಶ್ನೆ ಕೇಳುತ್ತಾರೆ, ದೊಡ್ಡವರು ಗದರಿಸುತ್ತಾರೆ. ಎಲ್ಲ ಪ್ರಶ್ನೆಗೂ ಉತ್ತರ ಇರುವ ನಂಬಿಕೆಯನ್ನು ಯಾರೂ ನಿಜವಾಗಿ ನಂಬಿದ ಹಾಗೆ ಅನಿಸುವುದಿಲ್ಲ.

ದೇವರು ಇರಲೇಬೇಕಾ?

ಇಲ್ಲ. ಮೇಲಿನ ರೈತನಿಗೆ ಎರಿಯವರು ಗುಡಿ ಕಟ್ಟಿಲ್ಲ. ಸಾಲ ಕೊಟ್ಟವನಿಗೆ ಯಾರು ಗುಡಿ ಕಟ್ಟುತ್ತಾರೆ?

ಪಂಚಾಂಗ ಹೇಗೆ ಮಾಡುವುದು?

ತಿಂಗಳುಗಳಿಗೆ ಹೊಸ ಹೆಸರು ಇಟ್ಟು ಕೈ ಬಿಡಬೇಡಿ. ಜನ ಯಾವುದನ್ನು ನೋಡಿ ದಿನ ಎಣಿಸುತ್ತಾರೆ ಎಂದು ಮೊದಲು ಕೇಳಿ.

ನಮ್ಮ ರೈತರನ್ನೇ ನೋಡಿ. ಅವರ ಲೆಕ್ಕ ನಡೆಯುವುದು ಮಳೆಗಳ ಮೇಲೆ: ರೋಹಿಣಿ, ಮಿರಗ, ಆರಿದ್ರಾ, ಹೀಗೆ. ಸೂರ್ಯ 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುತ್ತಾನೆ, ಒಂದೊಂದರಲ್ಲಿ 13 ಅಥವಾ 14 ದಿನ. ಜೂನ್ ಮೊದಲ ವಾರ ಕಳೆದ ಕೂಡಲೇ ಮಿರಗ ಕೂಡುತ್ತದೆ, ಬಿತ್ತನೆಯ ಮಾತು ಶುರುವಾಗುತ್ತದೆ. ಒಂದೊಂದು ಮಳೆಗೂ ಒಂದೊಂದು ಸ್ವಭಾವ, ಒಂದೊಂದು ಗಾದೆ. "ಮಘಿ ಮಳಿ ಬಂದಷ್ಟೂ ಒಳ್ಳೇದು, ಮನಿಮಗ ಉಂಡಷ್ಟೂ ಒಳ್ಳೇದು." ದಿನಾಂಕದ ಜೊತೆಗೆ ಏನು ಬಿತ್ತಬೇಕು, ಏನನ್ನು ನಿರೀಕ್ಷಿಸಬೇಕು ಎನ್ನುವುದೂ ಒಂದೇ ಹೆಸರಿನಲ್ಲಿ ಬಂದುಬಿಡುತ್ತದೆ.

ನಾವು ಎರಿಯವರಿಗೆ ಬಿರುಕಿನ ಪಂಚಾಂಗ ಮಾಡಿದೆವು. ಹೊಲದ ಬಿರುಕಿನಲ್ಲಿ ಬೆರಳು ಹೋದರೆ ಒಂದು ಕಾಲ, ಕೈ ಹೋದರೆ ಒಂದು, ಮೊಣಕೈವರೆಗೆ ಹೋದರೆ ಒಂದು. ಬಿರುಕು ಪ್ರತಿ ಹೊಲದಲ್ಲೂ ಬೇರೆ ಬೇರೆ. ಹಾಗಾಗಿ ಊರಿಂದ ಊರಿಗೆ ಹಬ್ಬದ ದಿನ ಹಿಂದೆ ಮುಂದೆ ಆಗುತ್ತದೆ, ವ್ಯಾಪಾರಿಗಳು ಪೇಚಾಡುತ್ತಾರೆ. ಮಸಾರಿಯವರು ಚಂದ್ರನನ್ನು ಎಣಿಸುತ್ತಾರೆ.

ನಮ್ಮ ಲೋಕಕ್ಕೆ ಎರಡು ಚಂದ್ರ ಬೇಕು. ಇಡಬಹುದಾ?

ಇಡಿ, ಆದರೆ ಲೆಕ್ಕ ಮಾಡಿ. ನಮ್ಮ ಒಬ್ಬ ಚಂದ್ರನೇ ಎಷ್ಟು ಕೆಲಸ ಕೊಟ್ಟಿದ್ದಾನೆ ನೋಡಿ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ತಿಂಗಳಿಗೆ 354 ದಿನ ಆಗುತ್ತದೆ. ವರ್ಷಕ್ಕೆ 11 ದಿನ ಸಾಲುವುದಿಲ್ಲ. ಅದನ್ನು ಸರಿ ಮಾಡಲು ಅಧಿಕ ಮಾಸ ಬಂತು, ಅಧಿಕ ಮಾಸಕ್ಕೆ ಅದರದೇ ಪದ್ಧತಿ ಬಂತು, ಅಳಿಯನಿಗೆ ಬಾಗಿನ ಬಂತು. ನಿಮ್ಮ ದೊಡ್ಡ ಚಂದ್ರನಿಗೆ 28 ದಿನ, ಸಣ್ಣವನಿಗೆ 20 ದಿನ ಎಂದಿಟ್ಟರೆ ಎರಡೂ ಹುಣ್ಣಿಮೆ ಒಂದೇ ರಾತ್ರಿ ಬರುವುದು 140 ದಿನಕ್ಕೊಮ್ಮೆ. ಆ ರಾತ್ರಿ ಏನು ನಡೆಯುತ್ತದೆ? ವರ್ಷದ ದಿನಗಳನ್ನು 140ರಿಂದ ಭಾಗಿಸಿದರೆ ಸಮನಾಗಿ ಹೋಗುವುದಿಲ್ಲ, ಹಾಗಾಗಿ ಆ ಹಬ್ಬ ಒಮ್ಮೆ ಬಿತ್ತನೆಯಲ್ಲಿ ಬಂದರೆ ಒಮ್ಮೆ ಸುಗ್ಗಿಯಲ್ಲಿ ಬರುತ್ತದೆ. ಬಿತ್ತನೆಯಲ್ಲಿ ಬಂದರೆ ಎತ್ತು ಬಿಚ್ಚಿ ಹಬ್ಬ ಮಾಡಬೇಕೋ, ಹದ ತಪ್ಪದಂತೆ ಬಿತ್ತಬೇಕೋ? ಇದಕ್ಕೆ ಉತ್ತರ ಇದ್ದರೆ ಎರಡು ಚಂದ್ರ ಇಡಿ. ಬರೀ ಚಿತ್ರದಲ್ಲಿ ಚಂದ ಕಾಣುತ್ತದೆ ಅಂತ ಇಡಬೇಡಿ.

ನಕಾಶೆ ಬರೆಯಲು ಬರುವುದಿಲ್ಲ. ಏನು ಮಾಡಲಿ?

ನೀರು ಹರಿಸಲು ಬಂದರೆ ಸಾಕು. ಎತ್ತರದಿಂದ ತಗ್ಗಿಗೆ. ಹೊಳೆಗಳು ಹರಿಯುತ್ತ ಕೂಡುತ್ತವೆ. ಕಡಲ ಮುಖದಲ್ಲಿ ಬಿಟ್ಟರೆ ಸಾಮಾನ್ಯವಾಗಿ ಕವಲೊಡೆಯುವುದಿಲ್ಲ. ಹೊಸಬರ ನಕಾಶೆಯಲ್ಲಿ ಒಂದು ಹೊಳೆ ನಾಲ್ಕಾಗಿ ನಾಲ್ಕು ದಿಕ್ಕಿಗೆ ಹೋಗಿರುತ್ತದೆ. ಹಾವೇರಿ ತಾಲೂಕಿನ ಗಳಗನಾಥಕ್ಕೆ ಹೋಗಿ, ವರದಾ ಬಂದು ತುಂಗಭದ್ರೆಯನ್ನು ಕೂಡುವುದನ್ನು ದಂಡೆಯ ಮೇಲೆ ನಿಂತು ನೋಡಿ. ಆಮೇಲೆ ಪೆನ್ಸಿಲ್ ಹಿಡಿಯಿರಿ.

ದಿನ್ನೆಯವರು ಹುಟ್ಟಿದ್ದು ಧಾರವಾಡದಿಂದ. ಊರ ಅಂಚಿನ ಸೋಮೇಶ್ವರದ ಹತ್ತಿರ ಶಾಲ್ಮಲಾ ಹುಟ್ಟುತ್ತದೆ. ಅದು ಪಶ್ಚಿಮಕ್ಕೆ ಹೋಗಿ ಬೇಡ್ತಿಯಾಗಿ, ಗಂಗಾವಳಿಯಾಗಿ, ಅರಬ್ಬಿ ಸಮುದ್ರ ಸೇರುತ್ತದೆ. ಇದೇ ಸೀಮೆಯ ಬೆಣ್ಣಿಹಳ್ಳದ ನೀರು ಮಲಪ್ರಭೆಗೆ ಹೋಗಿ, ಅಲ್ಲಿಂದ ಕೃಷ್ಣೆಗೆ, ಬಂಗಾಳ ಕೊಲ್ಲಿಗೆ. ಒಂದೇ ಮೋಡದಿಂದ, ಒಂದೇ ದಿನ್ನೆಯ ಆಚೆ ಈಚೆ ಬಿದ್ದ ಎರಡು ಹನಿ ಎರಡು ಸಮುದ್ರಕ್ಕೆ ಹೋಗುತ್ತವೆ. ಇದನ್ನು ಕೇಳಿದ ದಿನದಿಂದ ನನಗೆ ಧಾರವಾಡದ ಸಣ್ಣ ಏರು ತಗ್ಗುಗಳೂ ಬೇರೆಯಾಗಿ ಕಾಣುತ್ತವೆ. ನಮ್ಮ ದಿನ್ನೆಯವರು ಹೇಳುವ ಕಥೆಯಲ್ಲಿ ಇಬ್ಬರು ಅಕ್ಕತಂಗಿಯರು ಒಂದೇ ಕಲ್ಲಿನಿಂದ ಹೊರಟು, ಬೆನ್ನು ಮಾಡಿ ನಡೆದುಹೋದರು. ಅವರಲ್ಲಿ ಮಗು ಹುಟ್ಟಿದರೆ ದಿನ್ನೆಯ ನೆತ್ತಿಯ ಮೇಲೆ ಒಂದು ತಂಬಿಗೆ ನೀರು ಸುರಿಯುತ್ತಾರೆ. ಯಾವ ಕಡೆ ಹರಿಯಿತೋ ಆ ಅಕ್ಕನ ಮಗು.

ದೂರವನ್ನು ನಡಿಗೆಯಲ್ಲಿ ಬರೆಯಿರಿ. ಎತ್ತಿನ ಗಾಡಿ ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ಹೋಗುತ್ತದೆ. ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 60 ಕಿಲೋಮೀಟರ್. ರೈಲು ಬಸ್ಸು ಇಲ್ಲದ ಲೋಕದಲ್ಲಿ ನಡುವೆ ಒಂದು ರಾತ್ರಿ ತಂಗಬೇಕು. ತಂಗುವ ಜಾಗದಲ್ಲಿ ಬಾವಿ ಬೇಕು, ಎತ್ತಿಗೆ ಮೇವು ಬೇಕು, ರೊಟ್ಟಿ ಬಡಿದು ಕೊಡುವವರು ಬೇಕು. ನೋಡಿ, ಒಂದು ಊರು ಹುಟ್ಟಿತು.

ಊಟ, ಬಟ್ಟೆ, ಕಸೂತಿ ಇದೆಲ್ಲ ಅಲಂಕಾರಕ್ಕೆ ತಾನೇ?

ಖಂಡಿತ ಅಲ್ಲ. ಮಣ್ಣಿನಿಂದ ಬೆಳೆ, ಬೆಳೆಯಿಂದ ಊಟ, ಊಟದಿಂದ ದಿನಚರಿ. ಎರಿ ನೆಲ ತೇವ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಮಳೆ ನಿಂತ ಮೇಲೂ ಹಿಂಗಾರಿ ಜೋಳ, ಕಡಲೆ, ಕುಸುಬಿ ಬೆಳೆಯುತ್ತದೆ. ಮಸಾರಿ ನೆಲ ಬೇಗ ಆರುತ್ತದೆ, ಅಲ್ಲಿಯವರು ಮುಂಗಾರಿನಲ್ಲೇ ಶೇಂಗಾ ತೆಗೆದುಕೊಳ್ಳುತ್ತಾರೆ. ಹಾಗಾಗಿ ಒಬ್ಬರಿಗೆ ಬಿಡುವಿದ್ದಾಗ ಇನ್ನೊಬ್ಬರಿಗೆ ದುಡಿಮೆ. ಯಾರು ಯಾರ ಹೊಲಕ್ಕೆ ಕೂಲಿಗೆ ಹೋಗುತ್ತಾರೆ, ಜಾತ್ರೆ ಯಾವಾಗ, ಯುದ್ಧಕ್ಕೆ ಜನ ಸಿಗುವುದು ಯಾವಾಗ, ಎಲ್ಲ ಇಲ್ಲಿಂದಲೇ ಬರುತ್ತದೆ.

ಬಟ್ಟೆಯ ವಿಷಯಕ್ಕೆ ನಮಗೆ ದಾರಿ ತೋರಿಸಿದ್ದು ಧಾರವಾಡದ ಕಸೂತಿ. ಅದರಲ್ಲಿ ಗವಂತಿ, ಮುರಗಿ, ನೇಯ್ಗೆ, ಮೆಂತ್ಯೆ ಎಂದು ನಾಲ್ಕು ಹೊಲಿಗೆ. ಗವಂತಿ ಮತ್ತು ಮುರಗಿ ಬಟ್ಟೆಯ ಎರಡೂ ಮಗ್ಗುಲಿಗೆ ಒಂದೇ ಥರ ಕಾಣುತ್ತವೆ. ಗಂಟು ಹಾಕುವಂತಿಲ್ಲ. ದಾರ ಎಣಿಸಿ ಹಾಕುತ್ತಾರೆ, ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ತೇರು, ಗೋಪುರ, ಆನೆ, ನವಿಲು, ತುಳಸಿಕಟ್ಟೆ ಎಲ್ಲ ಕೈಗೆ ಬಾಯಿಪಾಠ. ಕಸೂತಿ ಬಲ್ಲ ಒಬ್ಬ ಅಜ್ಜಿಯ ಪಕ್ಕ ಕೂತರೆ ಇದೆಲ್ಲ ಗೊತ್ತಾಗುತ್ತದೆ. ನಾವು ಹೊಲಿಗೆಗಳನ್ನು ಹಾಗೇ ಎತ್ತಿಕೊಳ್ಳಲಿಲ್ಲ. ಗಂಟಿಲ್ಲದ ಹೊಲಿಗೆ, ಹಿಂದೆ ಮುಂದೆ ಒಂದೇ ಎನ್ನುವುದನ್ನು ಮಾತ್ರ ಮಸಾರಿಯವರ ನ್ಯಾಯಕ್ಕೆ ಕೊಟ್ಟೆವು. ಅವರಲ್ಲಿ ಸಾಕ್ಷಿ ಹೇಳುವವರು ಒಂದು ಹೊಲಿದ ತುಂಡು ತರಬೇಕು. ಹಿಂದುಗಡೆ ಗಂಟು ಕಂಡರೆ ಮಾತು ನಂಬುವುದಿಲ್ಲ.

ವ್ಯಾಪಾರದ ಬಗ್ಗೆ ಒಂದು ಮಾತು. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದಿರುವುದು ಬಣ್ಣಕ್ಕೆ. ಖಾರ ಅದರಲ್ಲಿ ಕಡಿಮೆ. ಒಂದು ಊರು ಖಾರ ಮಾರದೆ ಕೆಂಪು ಬಣ್ಣ ಮಾರಿ ಬದುಕಬಹುದು ಎಂಬ ಕಲ್ಪನೆಯೇ ಸಾಕು, ಅದರ ಮೇಲೆ ಒಂದು ರಾಜ್ಯ ಕಟ್ಟಬಹುದು.

ನಮ್ಮ ಜಾತ್ರೆ, ನಮ್ಮ ದೇವರುಗಳನ್ನು ಹಾಗೇ ತರಬಹುದಾ?

ಹೆಸರು ತರಬೇಡಿ. ಇಂದಿಗೂ ಜನ ಕಾಯಿ ಒಡೆದು ಹರಕೆ ಹೊರುವ ದೇವರನ್ನು ಆಟದ ಪಾತ್ರ ಮಾಡುವುದು ನನಗೆ ಸರಿ ಅನಿಸುವುದಿಲ್ಲ. ಆದರೆ ಒಂದು ಆಚರಣೆ ಹೇಗೆ ಕಟ್ಟಿದೆ ಎನ್ನುವುದನ್ನು ಕಲಿಯಬಹುದು, ಕಲಿಯಲೇಬೇಕು.

ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ದಸರಾ ಹೊತ್ತಿಗೆ ಕಾರಣಿಕ, ಅಂದರೆ ಭವಿಷ್ಯ ನುಡಿಯುವ ಆಚರಣೆ, ನಡೆಯುತ್ತದೆ. ಮೈಲಾರಲಿಂಗನ ಭಕ್ತನಾದ ಗೊರವಯ್ಯ ಎತ್ತರದ ಬಿಲ್ಲು ಏರುತ್ತಾನೆ. ನೆರೆದ ಸಾವಿರಾರು ಜನ ಸದ್ದು ನಿಲ್ಲಿಸುತ್ತಾರೆ. ಅವನು ಒಂದೇ ಸಾಲು ನುಡಿಯುತ್ತಾನೆ. ಆಮೇಲೆ ಇಡೀ ಸೀಮೆ ಆ ಸಾಲಿಗೆ ಅರ್ಥ ಹುಡುಕುತ್ತದೆ: ಮಳೆ ಹೇಗೆ, ಬೆಳೆ ಹೇಗೆ, ರಾಜಕೀಯ ಹೇಗೆ. ಇದರಲ್ಲಿ ನಾಲ್ಕು ಅಂಗ ಇವೆ ನೋಡಿ. ನುಡಿಯುವ ಹಕ್ಕು ಒಬ್ಬನಿಗೆ ಮಾತ್ರ, ಎಲ್ಲರ ಮೌನ, ಒಂದೇ ಸಾಲು, ಅರ್ಥ ಮಾತ್ರ ಎಲ್ಲರ ಪಾಲು. ಈ ನಾಲ್ಕರಲ್ಲಿ ಒಂದನ್ನು ಬದಲಿಸಿ ಏನಾಗುತ್ತದೆ ನೋಡಿ. ನಮ್ಮ ದಿನ್ನೆಯವರಲ್ಲಿ ಸಾಲು ನುಡಿಯುವುದು ಊರಿಗೆ ಹೊಸದಾಗಿ ಬಂದ ಪರಸ್ಥಳದವರು. ಅವರಿಗೆ ಆ ಭಾಷೆಯೇ ಸರಿಯಾಗಿ ಬರುವುದಿಲ್ಲ. ಅದಕ್ಕೇ ಜನ ಅವರನ್ನು ನಂಬುತ್ತಾರೆ.

ನಮ್ಮ ಹಳ್ಳಿಗಳ ಮೊಹರಂ ಕೂಡ ನೋಡಿ. ಎಷ್ಟೋ ಕಡೆ ಹಿಂದೂ ಮುಸ್ಲಿಂ ಮನೆಯವರು ಸೇರಿಯೇ ಮಾಡುತ್ತಾರೆ, ಸೇರಿಯೇ ಹಾಡುತ್ತಾರೆ. ಎರಡು ನಂಬಿಕೆಯ ಜನ ಒಂದೇ ಓಣಿಯಲ್ಲಿದ್ದರೆ ಹೊಡೆದಾಟವೇ ಆಗಬೇಕು ಎಂದು ಬರೆಯುವವರು ಒಮ್ಮೆ ಹೋಗಿ ನಿಂತು ನೋಡಿ ಬರಲಿ.

ಮೇಲು ಕೀಳು, ಜಾತಿ ಇಂಥದ್ದನ್ನು ಲೋಕದಲ್ಲಿ ತರಬೇಕಾ?

ಗುಂಪಿನಲ್ಲಿ ಎಲ್ಲರೂ ಕೂತು ಮಾತಾಡಿ ತೀರ್ಮಾನಿಸಿ, ಒಬ್ಬರೇ ತರಬೇಡಿ. ಮೇಲು ಕೀಳು ಇಲ್ಲದ ಲೋಕ ಬೇಕು ಎಂದರೆ ಅದೂ ಒಳ್ಳೆಯ ಕೆಲಸ. ಆದರೆ ಹೊಲಸು ಬಳಿಯುವವರು ಯಾರು, ಹೆಣ ಹೊರುವವರು ಯಾರು, ಬಾವಿಗೆ ಮೊದಲು ಕೊಡ ಇಳಿಸುವವರು ಯಾರು ಎನ್ನುವುದಕ್ಕೆ ಉತ್ತರ ಬರೆಯಲೇಬೇಕು. ಉತ್ತರ ಬರೆಯದೆ ಬಿಟ್ಟರೆ ನಮಗೆ ಗೊತ್ತಿಲ್ಲದೆ ನಮ್ಮ ಊರಿನ ಹಳೆ ಉತ್ತರವೇ ಬಂದು ಕೂರುತ್ತದೆ.

ಅಲ್ಲಿಯ ಜನ ಯಾವ ಕನ್ನಡ ಮಾತಾಡುತ್ತಾರೆ?

ಬರೆಯುವವರ ಬಾಯಲ್ಲಿ ಬರುವ ಕನ್ನಡ. ಎರಿಯವರು ನಮ್ಮ ಹುಬ್ಬಳ್ಳಿ ಧಾರವಾಡದ ಹಾಗೆ "ಏನ್ರೀ ಕಾಕಾ", "ಬರ್ರಿ ಅಕ್ಕಾರ" ಎನ್ನುತ್ತಾರೆ. ರಾಜನ ಮುಂದೆ ನಿಂತ ಕೂಡಲೇ ಎಲ್ಲರೂ ಹಳೆ ನಾಟಕದ ಕನ್ನಡಕ್ಕೆ ತಿರುಗುವುದು ಬೇಡ. ಯಾರು ಯಾರಿಗೆ "ರೀ" ಹಚ್ಚುತ್ತಾರೆ, ಯಾರು ಯಾರನ್ನು "ಲೇ" ಎನ್ನಬಹುದು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಆ ಒಂದು ಹಾಳೆ ನೋಡಿದರೆ ಸಾಕು, ಆ ಸಮಾಜದಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂದು ಹೊಸಬರಿಗೂ ತಿಳಿಯುತ್ತದೆ.

ಹೆಸರು ಇಡುವುದು ಹೇಗೆ?

ಬಾಯಿಗೆ ಸುಲಭವಾಗಿರಲಿ. ಊರಿನ ಹೆಸರು ಕೆರೆ, ಗುಡ್ಡ, ಮರ, ಅಲ್ಲಿ ಮೊದಲು ನೆಲೆಸಿದವರ ಹೆಸರಿನಿಂದ ಬರಲಿ. ಉಚ್ಚರಿಸಲು ಬಾರದ ಹೆಸರನ್ನು ನಾಲ್ಕು ಜನ ನಾಲ್ಕು ಥರ ಬರೆದು ದಫ್ತರ ಕೆಡುತ್ತದೆ.

ಜಾದೂ, ಮಂತ್ರ?

ಇರಲಿ. ಬೆಲೆ ಇರಲಿ. ನಮ್ಮ ಲೋಕದಲ್ಲಿ ಒಬ್ಬರು ಮಳೆ ಕರೆದರೆ ಪಕ್ಕದ ಊರಿನ ಮಳೆ ತಪ್ಪುತ್ತದೆ. ಮಂತ್ರ ಬಲ್ಲವರನ್ನು ಊರ ಗಡಿಯಲ್ಲಿ ತಡೆದು ವಿಚಾರಿಸುವುದು ಅದಕ್ಕೇ.

ಇಬ್ಬರು ಒಪ್ಪದಿದ್ದರೆ ಯಾರ ಮಾತು ನಡೆಯುತ್ತದೆ?

ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಊರು ಸ್ವಂತ. ಆ ಊರೊಳಗಿನ ಮಾತು ಅವರದೇ ಕೊನೆ. ಬೇರೆಯವರು ಸಲಹೆ ಕೊಡಬಹುದು, ಅಷ್ಟೇ. ಎರಡು ಊರಿನ ಗಡಿಯ ವಿಷಯಕ್ಕೆ ಇಬ್ಬರೂ ಒಪ್ಪಬೇಕು. ಹೊಳೆ, ಪಂಚಾಂಗ, ದೊಡ್ಡ ರಸ್ತೆ ಇವು ಎಲ್ಲರವು.

ಒಪ್ಪದೇ ಹೋದರೆ ಎರಡೂ ಮಾತನ್ನು ಸುದ್ದಿಗೆ ಹಾಕುತ್ತೇವೆ, ಆ ಲೋಕದಲ್ಲೂ ಎರಡು ಪಕ್ಷ ಹುಟ್ಟುತ್ತವೆ. ಕಾಲ ಹಿಡಿದರೂ ಈ ದಾರಿಯೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಕೈ ಎತ್ತಿಸಿ ಮತ ಎಣಿಸಿದರೆ ಸೋತವರು ಮುಂದಿನ ಸಲ ಮಾತಾಡುವುದಿಲ್ಲ. ಅವರ ಹತ್ತಿರವೇ ಮುಂದಿನ ಒಳ್ಳೆಯ ಪ್ರಶ್ನೆ ಇರುತ್ತದೆ. ಹಗೇವಿಗೆ ನೀರು ಇಳಿದರೆ ಏನು ಎಂದು ಕೇಳಿದವರು ಹೆಚ್ಚು ಮಾತಾಡುವವರೇ ಅಲ್ಲ.

ಒಬ್ಬರೇ ಜಾಸ್ತಿ ಮಾತಾಡಿದರೆ?

ಸರದಿ ಇಡಿ. ಸರದಿ ಬಂದವರು ಒಂದು ಸಂಗತಿ ಸೇರಿಸಬೇಕು, ಇಲ್ಲವೇ ಒಂದು ಪ್ರಶ್ನೆ ಕೇಳಬೇಕು. ಬೇರೆಯವರು ಹೇಳಿದ್ದನ್ನು ತೆಗೆದುಹಾಕುವಂತಿಲ್ಲ.

ಕಲ್ಪನೆ ಬತ್ತಿಹೋದಾಗ ಎಲ್ಲಿಗೆ ಹೋಗುತ್ತೀರಿ?

ಹತ್ತಿರದಲ್ಲೇ. ಗದಗಿನಿಂದ 12 ಕಿಲೋಮೀಟರ್ ದೂರದ ಲಕ್ಕುಂಡಿಗೆ ಹೋಗಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಜೈನ ಬಸದಿಯೊಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆ. ಒಂದು ನಂಬಿಕೆಯ ಮನೆಯಲ್ಲಿ ಇನ್ನೊಂದು ಕಡೆಯ ಪರಿಚಿತ ಮುಖ ಎಷ್ಟು ಸಹಜವಾಗಿ ನಿಂತಿದೆ ನೋಡಿ. ಮುಸುಕಿನ ಬಾವಿಯ ಮೆಟ್ಟಿಲು ಇಳಿಯಿರಿ. ಅಲ್ಲಿ ನೀರಿಗೆ ಇಳಿಯುವ ದಾರಿಯಲ್ಲೂ ಸಾಲು ಸಾಲು ಸಣ್ಣ ಗುಡಿಗಳಿವೆ. ನೀರು ತರುವುದು ಮತ್ತು ಕೈ ಮುಗಿಯುವುದು ಒಂದೇ ನಡಿಗೆಯಲ್ಲಿ ಆಗುತ್ತದೆ.

ಚಳಿಗಾಲದಲ್ಲಿ ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಹೋಗಿ. ಮಂಗೋಲಿಯಾ ಮತ್ತು ಮಧ್ಯ ಏಷ್ಯಾದಿಂದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಅಲ್ಲಿ ಇಳಿಯುತ್ತವೆ, ಬೇಸಿಗೆ ಬರುವ ಮೊದಲು ಹೋಗುತ್ತವೆ. ಭೂಗೋಳ ಓದದ ಜನರಿಗೆ ಅವು ಎಲ್ಲಿಂದ ಬರುತ್ತವೆ ಎಂದು ಹೇಗೆ ಗೊತ್ತಾಗಬೇಕು? ಎರಿಯವರು ಅವುಗಳನ್ನು ಮೇಲಿನ ಹೊಲದ ಹಕ್ಕಿ ಎನ್ನುತ್ತಾರೆ. ಬಿರುಕು ತೆರೆದಾಗ ಒಳಗೆ ಬಂದು ಕಾಳು ಆರಿಸಿ ಹೋಗುತ್ತವಂತೆ. ಅವರ ಪ್ರಕಾರ ಆ ಕಾಳು ಅಂದರೆ ಆ ವರ್ಷ ಸತ್ತವರು.

ಕಪ್ಪತಗುಡ್ಡಕ್ಕೂ ಹೋಗಿ, ಮಳೆಗಾಲ ಮುಗಿಯುವ ಹೊತ್ತಿಗೆ. 2019ರಿಂದ ಅದು ವನ್ಯಜೀವಿ ಧಾಮ, ಗಿಡ ಕೀಳಬೇಡಿ.

ದಫ್ತರ ಎಲ್ಲಿ ಇಡುತ್ತೀರಿ?

ಗೂಗಲ್ ಡಾಕ್ಸ್‌ನಲ್ಲಿ ಒಂದು, ಗಟ್ಟಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಒಂದು. ನೋಟ್‌ಬುಕ್ಕು ಮಾತ್ರ ಕೊನೆಯ ಮಾತು. ಮೊಬೈಲಿನಲ್ಲಿ ಒರೆಸುವುದು ಬಹಳ ಸುಲಭ, ಯಾರು ಯಾವಾಗ ಏನು ಬದಲಿಸಿದರು ಎಂದು ಯಾರಿಗೂ ನೆನಪಿರುವುದಿಲ್ಲ. ದಫ್ತರ ಬರೆಯುವವರು ವರ್ಷಕ್ಕೊಮ್ಮೆ ಬದಲಾಗಬೇಕು.

ನನಗೆ ಬರೆಯಲು ಬರುವುದಿಲ್ಲ, ಸೇರಬಹುದಾ?

ಬನ್ನಿ. ಅಜ್ಜಿ ಹೇಳಿದ ಮಾತು ನೆನಪಿದ್ದರೆ ಸಾಕು. ಸಿಡಿಲು ಬಂದರೆ ಅರ್ಜುನನ ಹೆಸರು ಹೇಳು ಎಂದು ನಿಮಗೆ ಯಾರಾದರೂ ಕಲಿಸಿದ್ದರೆ, ಒಂದು ಲೋಕ ಹೇಗಿರುತ್ತದೆ ಎಂದು ನಿಮಗೆ ಆಗಲೇ ಗೊತ್ತಿದೆ. ಮಾತಿನಲ್ಲಿ ಹೇಳಿ, ವಾಟ್ಸಾಪ್‌ನಲ್ಲಿ ದನಿ ಕಳಿಸಿ, ಬರೆಯುವವರು ಬರೆದುಕೊಳ್ಳುತ್ತಾರೆ. ಮಕ್ಕಳೂ ಬರಬಹುದು, ಮನೆಯವರ ಜೊತೆ.

ಗುಂಪು ಬಿಟ್ಟರೆ ನನ್ನ ಊರು ಏನಾಗುತ್ತದೆ?

ಹಾಗೇ ಇರುತ್ತದೆ. ನಿಕ್ಕಿಯಲ್ಲಿ ಬರೆದದ್ದನ್ನು ಯಾರೂ ಮುಟ್ಟುವುದಿಲ್ಲ. ಬೇರೆಯವರ ಪಾತ್ರಗಳು ಆ ಊರಿಗೆ ಹೋಗಿ ಬರಬಹುದು, ಅಲ್ಲಿ ಕೇಳಿದ್ದನ್ನು ಸುದ್ದಿಯಲ್ಲಿ ಬರೆಯಬಹುದು. ಒಂದು ವರ್ಷ ಕಾಯುತ್ತೇವೆ. ಆಮೇಲೂ ನೀವು ಬಾರದಿದ್ದರೆ, ನಿಮ್ಮನ್ನು ಕೇಳಿ, ಒಪ್ಪಿದರೆ ಮಾತ್ರ ಇನ್ನೊಬ್ಬರಿಗೆ ಕೊಡುತ್ತೇವೆ. ಊರು ಕಟ್ಟಿದವರ ಹೆಸರು ದಫ್ತರದ ಮೊದಲ ಹಾಳೆಯಲ್ಲಿ ಉಳಿಯುತ್ತದೆ.

ಮೊದಲ ಸಲ ಬರುವಾಗ ಏನು ತಯಾರಿ ಬೇಕು?

ಹಳೆ ದಫ್ತರ ಎಲ್ಲ ಓದಿಕೊಂಡು ಬರಬೇಡಿ, ತಲೆ ಭಾರವಾಗುತ್ತದೆ. ನಿಕ್ಕಿಯ ನಾಲ್ಕು ಹಾಳೆ ಓದಿ. ಎರಿ, ಮಸಾರಿ, ದಿನ್ನೆ ಈ ಮೂರರಲ್ಲಿ ಒಂದು ನೆಲ ಆರಿಸಿಕೊಳ್ಳಿ. ಅಲ್ಲಿ ಒಂದು ಓಣಿ, ಓಣಿಯಲ್ಲಿ ಒಂದು ಮನೆ, ಆ ಮನೆಯಲ್ಲಿ ಒಬ್ಬ ಮುದುಕಿ ಮತ್ತು ಒಂದು ಮಗು. ಹೊರಗೆ ಗುಡುಗುತ್ತಿದೆ, ಮಗು ಹೆದರಿದೆ. ಮುದುಕಿ ಅದಕ್ಕೆ ಏನು ಹೇಳುತ್ತಾಳೆ ಎಂದು ನಾಲ್ಕು ಸಾಲು ಬರೆದುಕೊಂಡು ಬನ್ನಿ. ಅದನ್ನು ಓದಿ ಹೇಳುವುದೇ ನಿಮ್ಮ ಮೊದಲ ಸರದಿ.